ಊಟದ ಬಟ್ಟೆಯ ಮೇಲೆ ಕಳೆದುಹೋದ ‘ಅಂತೆ’

ನನ್ನ ಹೆಂಡತಿ ನಿಕಾಸಿಯಾ ಲಾ ಪಾಸ್ ಪಟ್ಟಣದ ಮಗಳ ಮನೆಯಿಂದ ವಾಪಸು ಬಂದು ಬೆನ್ನಿನ ಗಂಟನ್ನು ಕೆಳಗಿಳಿಸುತ್ತಲೇ ಊರಲ್ಲಿ ಏನು ಸುದ್ದಿ ಎಂದು ಕೇಳಿದಳು. ಎರಡು ವಾರ ಒಬ್ಬನೇ ಇದ್ದ ನನಗೆ ಮಾತಾಡುವ ಆತುರ.

"ಸೆವೆರೊ ನಮ್ಮೂರ ಯಜಮಾನನ್ನ ಬೀಳಿಸಿ ತಲೆ ಒಡೆದ. ಕೋಲು ಕಿತ್ಕೊಂಡು, ಕುಂಟ್ಕೊಂಡು ಜೊಂಡಿನ ಕಡೆ ಓಡ್ದ," ಎಂದೆ.

"ನೀನು ನೋಡ್ದೆಯಾ?"

ನಮ್ಮ ಐಮಾರಾ ಮಾತಿನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುವ ಬಗೆಯೇ ಬೇರೆ, ಕಿವಿಯಲ್ಲಿ ಕೇಳಿದ್ದನ್ನು ಹೇಳುವ ಬಗೆಯೇ ಬೇರೆ. ಕೇಳಿದ್ದಕ್ಕೆ ಕೊನೆಯಲ್ಲಿ ‘ಅಂತೆ’ ಇರಲೇಬೇಕು. ಅಂಗಳದಲ್ಲಿ ಆಡುವ ಮಗು ‘ಅಜ್ಜ ದೋಣಿಯಲ್ಲಿ ಬಂದ’ ಎಂದರೂ ದೊಡ್ಡವರು ಬಿಡುವುದಿಲ್ಲ, ‘ನೀನು ನೋಡ್ದೆಯಾ?’ ಎಂದು ಕೇಳುತ್ತಾರೆ. ನೋಡಿರದಿದ್ದರೆ ಆ ಮಗು ‘ಬಂದನಂತೆ’ ಎಂದು ತಿದ್ದಿಕೊಳ್ಳಬೇಕು. ತಲೆ ನೆರೆತ ನಾನೂ ತಿದ್ದಿಕೊಂಡೆ.

"ಬೀಳಿಸಿದನಂತೆ. ಓಡಿದನಂತೆ."

"ಹಾಂ, ಈಗ ಸರಿ. ಕೂತ್ಕೊಂಡು ಮೊದಲಿಂದ ಹೇಳು ಮುದುಕಪ್ಪ."

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಆಚೆ ಒಂದು ದುಂಡು ಟೋಪಿ ಕಾಣಿಸಿತು. ಸೆವೆರೊ ಲಿಮಾಚಿಯ ಹೆಂಡತಿ ಬಾಸಿಲಿಯಾ. ಒಳಗೆ ಕರೆದರೂ ಬರದೆ ಅಲ್ಲೇ ನಿಂತು ಮಾತಾಡಿದಳು. ಅವಳ ಗಂಡನನ್ನು ಶಾಲೆಯ ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಮರುದಿನ ಮಧ್ಯಾಹ್ನ ಊರು ಸಭೆ ಸೇರುವುದಿತ್ತು. ಅವನನ್ನು ಪೇಟೆಯ ಪೊಲೀಸರಿಗೆ ಒಪ್ಪಿಸುವುದು, ಅವನ ಮನೆಯನ್ನು ಸರದಿಯಿಂದ ಅಳಿಸುವುದು ಎಂದು ಆಗಲೇ ಎಲ್ಲರ ಬಾಯಲ್ಲೂ ತೀರ್ಮಾನವಾಗಿತ್ತು.

ನಮ್ಮ ಉಮಾಪಾತಾ ಊರಲ್ಲಿ ಯಜಮಾನಿಕೆ ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ಸುತ್ತುತ್ತದೆ. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಾರೆ. ಬೆಳ್ಳಿ ಕಟ್ಟುಗಳ ಕೋಲು ಆ ವರ್ಷ ಅವರ ಮನೆಯಲ್ಲಿರುತ್ತದೆ. ಆ ವರ್ಷ ಕೋಲು ದಿಯೊನಿಸಿಯೊ ಕಟಾರಿಯ ಕೈಯಲ್ಲಿತ್ತು. ಮುಂದಿನದು ತಾರ್ಕಿ ಮನೆ, ಅದರ ಮುಂದಿನದು ಲಿಮಾಚಿ ಮನೆ. ಸರದಿಯಿಂದ ಅಳಿಸಿದ ಮನೆಯವರಿಗೆ ಊರಲ್ಲಿ ಮಾತಿಲ್ಲ, ಹೊಲವೂ ಊರಿನ ಪಾಲಾಗುತ್ತದೆ. ಬಾಸಿಲಿಯಾಳಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳು.

"ಅವರು ಆ ಬೆಳಗ್ಗೆ ಬಲೆ ಎಳೆಯೋಕೆ ಸರೋವರಕ್ಕೆ ಹೋದ್ರು ಅಕ್ಕ. ಹೋಗಿದ್ದು ನಾನು ನೋಡ್ದೆ. ಎಲ್ಲಿವರೆಗೆ ಹೋದ್ರು, ಯಾವಾಗ ದಡಕ್ಕೆ ಬಂದ್ರು, ಅದು ನಾನು ನೋಡ್ಲಿಲ್ಲ," ಎಂದಳು.

ನಿಕಾಸಿಯಾ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಗಂಡನ ತಲೆಯ ಮೇಲೆ ಇಂಥದ್ದು ಬಿದ್ದಿರುವಾಗಲೂ ಆ ಹೆಂಗಸು ತಾನು ಕಾಣದ್ದನ್ನು ಕಂಡೆ ಎನ್ನಲಿಲ್ಲ.

"ಮನೆಗೆ ಹೋಗಿ ಮಕ್ಕಳಿಗೆ ಏನಾದ್ರೂ ಬೇಯಿಸು. ನಾಳೆ ಮಧ್ಯಾಹ್ನ ಇನ್ನೂ ದೂರ ಇದೆ," ಎಂದು ಅವಳನ್ನು ಕಳಿಸಿದಳು.

ಇಂಥ ಹೊತ್ತಿನಲ್ಲಿ ಜನ ನಮ್ಮ ಮನೆಗೇ ಬರುವುದಕ್ಕೆ ಕಾರಣವಿತ್ತು. ನಿಕಾಸಿಯಾ ಬಹಳ ವರ್ಷ ಪೇಟೆಯ ಕೋರ್ಟಿನಲ್ಲಿ ನಮ್ಮವರ ಮಾತನ್ನು ಸ್ಪ್ಯಾನಿಷಿಗೆ ತಿರುಗಿಸಿ ಹೇಳುವ ಕೆಲಸ ಮಾಡಿದವಳು. ಸಾಕ್ಷಿ ‘ಕದ್ದನಂತೆ’ ಎಂದರೆ ಅಲ್ಲಿ ‘ಕದ್ದ’ ಎಂದೇ ಬರೆದುಕೊಳ್ಳುತ್ತಿದ್ದರಂತೆ. ಇವಳು ಪ್ರತಿ ಸಲ ತಡೆದು, ಇವನು ನೋಡಿಲ್ಲ ಸ್ವಾಮಿ, ಕೇಳಿದ್ದು ಅಷ್ಟೆ ಎನ್ನುತ್ತಿದ್ದಳಂತೆ. ಹೀಗೆ ಜನರ ಮಾತಿನ ಬಾಲ ಹಿಡಿದು ಹಿಡಿದು ಅವಳ ಕಿವಿ ಹರಿತವಾಯಿತು. ಊರಿಗೆ ಬಂದ ಮೇಲೆ ಕಾಣೆಯಾದ ಹೋರಿ, ತೂತು ಬಿದ್ದ ದೋಣಿ, ಸುಟ್ಟ ಬಣವೆ, ಎಲ್ಲದರ ಹಿಂದಿನ ಕೈಯನ್ನೂ ಅವಳು ಕೂತಲ್ಲೇ ಕೇಳಿಸಿಕೊಂಡು ಹುಡುಕಿದ್ದಳು. ನಾನು ಅವಳ ಜೊತೆ ಹೋಗುತ್ತಿದ್ದೆ, ಗಂಟು ಹೊರುತ್ತಿದ್ದೆ, ಅವಳು ಕೇಳಿದಾಗ ನೆನಪು ಹೇಳುತ್ತಿದ್ದೆ.

ಆ ದಿನವೂ ಹೇಳಿದೆ. ಹಿಂದಿನ ದಿನ, ಗುರುವಾರ ಬೆಳಗ್ಗೆ, ನಾನು ಆಲೂಗಡ್ಡೆ ಹೊಲದಲ್ಲಿದ್ದೆ. ಚರ್ಚಿನ ಕಡೆಯಿಂದ ಯಜಮಾನನ ಹೆಂಡತಿ ಯೂಸ್ತಾಕಿಯಾ ಕೂಗಿದ್ದು ಕೇಳಿ ನಾವೆಲ್ಲ ಓಡಿದೆವು. ಮೆಟ್ಟಿಲಿನ ಬುಡದಲ್ಲಿ ದಿಯೊನಿಸಿಯೊ ಅಂಗಾತ ಮಲಗಿದ್ದ. ತಲೆ ಹೆಂಡತಿಯ ಮಡಿಲಲ್ಲಿ, ಟೋಪಿ ಅವಳ ಕೈಯಲ್ಲಿ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಉಸಿರಿತ್ತು, ಮಾತಿರಲಿಲ್ಲ. ಕೋಲು ಎಲ್ಲೂ ಇರಲಿಲ್ಲ. ಪುಣ್ಯಕ್ಕೆ ಲಾ ಪಾಸ್ ಪಕ್ಕದ ಎಲ್ ಆಲ್ತೋ ನಗರದಿಂದ ಬರುವ ಲಾರಿ ಅದೇ ಹೊತ್ತಿಗೆ ರಸ್ತೆಯಲ್ಲಿ ಕಂಡಿತು. ಅವನನ್ನು ಅದರಲ್ಲಿ ಮಲಗಿಸಿ ಪೇಟೆಯ ಆಸ್ಪತ್ರೆಗೆ ಕಳಿಸಿದೆವು. ಯೂಸ್ತಾಕಿಯಾ ಜೊತೆಗೆ ಹೋದಳು.

ಉಳಿದವರಿಗೆ ಕೈಕಾಲು ಆಡಲಿಲ್ಲ. ಯಾರೋ ನೆಲದ ಮೇಲೆ ಬಟ್ಟೆ ಹಾಸಿದರು. ನಮ್ಮಲ್ಲಿ ಹಾಗೆಯೇ. ಹೊಲದಿಂದ ಬಂದವರು ತಮ್ಮ ತಮ್ಮ ಗಂಟು ಬಿಚ್ಚಿ, ಹಿಮಕ್ಕೆ ಒಣಗಿಸಿ ಬೇಯಿಸಿದ ಕಪ್ಪು ಆಲೂಗಡ್ಡೆ, ಅವರೆ, ಹುರಿದ ಸಣ್ಣ ಮೀನು ಎಲ್ಲವನ್ನೂ ಒಂದೇ ಬಟ್ಟೆಯ ಮೇಲೆ ಸುರಿದರು. ಎಲ್ಲರೂ ಸುತ್ತ ಕೂತು ಅದರಲ್ಲೇ ಕೈಯಾಡಿಸುತ್ತ ಒಟ್ಟಿಗೇ ಮಾತಾಡಿದರು. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಪ್ರಿಮಿತಿವಾ ಒಬ್ಬ ಮನುಷ್ಯ ಚರ್ಚಿನಿಂದ ಓಡಿದ್ದನ್ನು ಕಂಡಿದ್ದಳು. ಜೊಂಡು ಕೊಯ್ಯುತ್ತಿದ್ದ ಅನ್ಸೆಲ್ಮೊ ಅಜ್ಜ ತನ್ನ ದೋಣಿಯಿಂದ ಅವನ ಬೆನ್ನು ಕಂಡಿದ್ದ. ಬೇರೆ ಯಾರೂ ಏನೂ ಕಂಡಿರಲಿಲ್ಲ.

ಆಗಲೇ ಇಲಾರಿಯೋನ್ ತಾರ್ಕಿ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಅವನು ಹೆಚ್ಚಾಗಿ ಎಲ್ ಆಲ್ತೋದಲ್ಲೇ ಇರುವವನು, ಹಬ್ಬಕ್ಕೆ ಹುಣ್ಣಿಮೆಗೆ ಊರಿಗೆ ಬರುತ್ತಾನೆ. ಲಾರಿಯವನು ತಿರುವಿನಲ್ಲಿ ಇಳಿಸಿ ಹೋದ, ನಡೆದು ಬಂದೆ ಎಂದ. ನನ್ನ ಪಕ್ಕದಲ್ಲೇ ಕೂತ. ನಮ್ಮ ಉಣ್ಣೆ ಹೊದಿಕೆ ಪೊಂಚೊ ಮೈಮೇಲಿರಲಿಲ್ಲ, ಆ ಗಾಳಿಯಲ್ಲಿ ಬರೀ ಜಾಕೆಟ್ಟು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕಾಲುವೆ ದಾಟಿರಬೇಕು ಎಂದುಕೊಂಡು ಬಿಸಿ ಆಲೂಗಡ್ಡೆ ಅವನ ಕಡೆಗೆ ತಳ್ಳಿದೆ. ಸುದ್ದಿ ಕೇಳಿ ಮುಖ ಇಳಿಬಿಟ್ಟ. ಆದರೆ ಅವನೊಬ್ಬನೇ ಅಲ್ಲಿ ತೂಕದ ಮಾತಾಡಿದ ಎಂದು ನಾನು ನಿಕಾಸಿಯಾಳಿಗೆ ಹೇಳಿದೆ.

"ಏನು ಆ ತೂಕದ ಮಾತು?"

"ದೂರದಿಂದ ಕಂಡಿದ್ದು, ಸುಮ್ನೆ ಯಾರ ಹೆಸರೂ ತೆಗೀಬೇಡಿ ಅಂದ. ಓಡ್ದವನು ಕುಂಟ್ತಿದ್ನಾ ಇಲ್ವಾ, ಅಷ್ಟು ಮಾತ್ರ ನೆನಪು ಮಾಡ್ಕೊಳ್ಳಿ ಅಂದ."

ಊರಲ್ಲಿ ಕುಂಟುವವನು ಒಬ್ಬನೇ, ಸೆವೆರೊ. ಎಳೆತನದಲ್ಲಿ ಎತ್ತು ತುಳಿದು ಎಡಗಾಲು ಸೊಟ್ಟಗಾದದ್ದು. ಜೊಂಡಿನ ಗಡಿಯ ವಿಷಯಕ್ಕೆ ಯಜಮಾನನ ಜೊತೆ ಆ ವಾರ ಮಾತಿಗೆ ಮಾತು ಬೆಳೆದದ್ದೂ ಎಲ್ಲರಿಗೂ ಗೊತ್ತಿತ್ತು.

"ಪ್ರಿಮಿತಿವಾ ಏನಂದ್ಲು?"

"ಮೊದ್ಲು ಸುಮ್ನಿದ್ಲು. ಆಮೇಲೆ, ಕುಂಟ್ತಿದ್ನೇನೋ ಅಂದ್ಲು. ಅನ್ಸೆಲ್ಮೊ ಅಜ್ಜ, ಹೌದು, ಹೆಗಲು ಒಂದು ಕಡೆ ವಾಲಿತ್ತು ಅಂದ. ಅವನು ಹಾಗಂದ ಮೇಲೆ ಇವಳು, ಹಾಗಾದ್ರೆ ನಾನು ಕಂಡಿದ್ದು ಸರಿ ಅಂದ್ಲು. ಬಟ್ಟೆ ಮಡಚೋ ಹೊತ್ತಿಗೆ ಎಲ್ರೂ ಸೆವೆರೊ ಹೆಸರು ಹೇಳ್ತಿದ್ರು."

"‘ಏನೋ’ ಎಲ್ಲಿ ಹೋಯ್ತು?"

"ಯಾವ ಏನೋ?"

"ಕುಂಟ್ತಿದ್ನೇನೋ ಅಂದ್ಲಲ್ಲ, ಆ ಏನೋ," ಎಂದು ಅವಳು ಎದ್ದು ಶಾಲು ಹೊದ್ದಳು.

ಪ್ರಿಮಿತಿವಾ ಗುಡ್ಡದ ಇಳಿಜಾರಿನಲ್ಲಿ ನೂಲುತ್ತ ಕೂತಿದ್ದಳು. ಸುಳ್ಳು ಗೊತ್ತಿಲ್ಲದ ಹೆಂಗಸು. ಪಕ್ಕದ ಹೊಲಕ್ಕೆ ತನ್ನ ಕುರಿ ನುಗ್ಗಿದರೆ ತಾನೇ ಹೋಗಿ ಹೇಳಿ ಬರುವವಳು. ಕೇಳಿದ ಕೂಡಲೇ ಕದಿರು ನಿಲ್ಲಿಸಿ, ಸೆವೆರೊ ಕುಂಟುತ್ತ ಓಡಿದ, ಎಡಗಾಲು ಎಳೆಯುತ್ತಿದ್ದ ಎಂದಳು. ‘ಅಂತೆ’ಯೂ ಇಲ್ಲ, ‘ಏನೋ’ವೂ ಇಲ್ಲ. ಮುಖ ಕಂಡಿತಾ ಎಂದರೆ, ಬೆನ್ನು ಈ ಕಡೆಗಿತ್ತು, ಆದರೂ ಅವನೇ ಎಂದಳು.

ನಿಕಾಸಿಯಾ ಒಂದು ಕುರಿಯ ಕಿವಿ ಕೆರೆಯುತ್ತ ಕೇಳಿದಳು: "ಓಡೋವಾಗ ಅವನ ಕೈಲಿ ಒಂದು ಚಪ್ಪಲಿ ಇತ್ತಾ?"

"ಚಪ್ಪಲಿಯಾ?"

"ಟೈರಿನ ಚಪ್ಪಲಿ. ಒಂದೇ."

ಪ್ರಿಮಿತಿವಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಅದು ನೆನಪಿಲ್ಲ ಎಂದಳು. ನಿಕಾಸಿಯಾ, ಹೋಗಲಿ ಬಿಡು ಎಂದು ಎದ್ದಳು. ಚಪ್ಪಲಿಯ ಮಾತು ಇವಳಿಗೆ ಎಲ್ಲಿ ಸಿಕ್ಕಿತು ಎಂದು ನನಗೆ ಸೋಜಿಗವಾಯಿತು. ಕೇಳಲಿಲ್ಲ. ಕೇಳಿದರೆ ಹೇಳುವ ಹೊತ್ತು ಅದಾಗಿರಲಿಲ್ಲ.

ಅನ್ಸೆಲ್ಮೊ ಅಜ್ಜ ದಡದಲ್ಲಿ ಜೊಂಡಿನ ದೋಣಿಗೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ನೋಡಿ, ಹೆಂಡತಿ ಬಂದಳಲ್ಲ, ಇನ್ನು ಇವನ ಹೊಟ್ಟೆಗೆ ಬಿಸಿ ಸಾರು ಬೀಳುತ್ತದೆ, ಎರಡು ವಾರದಿಂದ ನಮ್ಮ ಮನೆ ಬಾಗಿಲಲ್ಲೇ ಮೂಗು ಅರಳಿಸುತ್ತಿದ್ದ ಎಂದು ಹಂಗಿಸಿದ. ಆಮೇಲೆ ತಾನು ಕಂಡದ್ದನ್ನು ಹೇಳಿದ. ಸೂರ್ಯ ಎದುರಿಗೆ ಇದ್ದ, ನೀರು ಥಳಥಳ ಎನ್ನುತ್ತಿತ್ತು, ಆದರೂ ಸೆವೆರೊ ಕುಂಟಿದ್ದು ಕಂಡೆ ಎಂದ. ಇಷ್ಟು ಖಚಿತ ಹೇಗೆ ಎಂದು ಕೇಳಿದ್ದಕ್ಕೆ ಅವನ ಬಳಿ ಉತ್ತರ ತಯಾರಿತ್ತು: "ನಾನೊಬ್ನೇ ಆಗಿದ್ರೆ ಅನುಮಾನ ಪಡ್ತಿದ್ದೆ. ಪ್ರಿಮಿತಿವಾನೂ ಕಂಡಿದ್ದಾಳಲ್ಲ."

ಅವನ ಹತ್ತಿರ ನಿಕಾಸಿಯಾ ಚಪ್ಪಲಿಯ ಸುದ್ದಿ ಎತ್ತಲೇ ಇಲ್ಲ.

ಮನೆಯ ಕಡೆ ಬರುವಾಗ ಇಲಾರಿಯೋನ್ ಎದುರಾದ. ನಿಕಾಸಿಯಾಳಿಗೆ ಕೈ ಮುಗಿದು, ನೀವಿದ್ದಿದ್ದರೆ ಊರಿಗೆ ಧೈರ್ಯ ಇರುತ್ತಿತ್ತು ಎಂದ. ಅವಳು ಏನಾಯಿತು ಎಂದು ಏನೂ ತಿಳಿಯದವಳ ಹಾಗೆ ಕೇಳಿದಳು.

"ಏನ್ ಹೇಳ್ಲಿ ಅಕ್ಕ. ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು. ಯಜಮಾನ ಕೋಲು ಹಿಡ್ಕೊಂಡು ಚರ್ಚಿನ ಹತ್ರ ನಿಂತಿದ್ನಂತೆ. ಆ ಕುಂಟ ಬಂದು ಕೋಲಿಗೆ ಕೈ ಹಾಕಿದ್ನಂತೆ. ಪಾಪ, ಬೋರಲಾಗಿ ಬಿದ್ದ, ಒಂದು ಕೈ ಎದೆ ಕೆಳಗೇ ಸಿಕ್ಕೊಳ್ತು, ಟೋಪಿ ಮೆಟ್ಲು ಮೆಟ್ಲು ಉರುಳ್ತಾ ಹೋಯ್ತು. ಆಮೇಲೆ ಹೆಂಡ್ತಿ ಕೂಗಿದ್ಲಂತೆ, ಇವರೆಲ್ಲ ಓಡಿದ್ರಂತೆ."

ನಿಕಾಸಿಯಾ ಪಾಪ, ಪಾಪ ಎಂದಳು. ಅವನು ದೂರ ಹೋಗುವವರೆಗೆ ಅಲ್ಲೇ ನಿಂತಿದ್ದಳು.

"ನಾಳೆ ಬೆಳಗ್ಗೆ ಪೇಟೆಗೆ ಹೋಗೋಣ. ಆ ಬಟ್ಟೆ ಸುತ್ತ ಕೂತು ತಿನ್ನದೇ ಇದ್ದೋರು ಯಾರಾದ್ರೂ ಒಬ್ರು ನನಗೆ ಬೇಕು," ಎಂದಳು.

ಅಂಥವಳು ಒಬ್ಬಳೇ ಇದ್ದಳು, ಯೂಸ್ತಾಕಿಯಾ. ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ದಿಯೊನಿಸಿಯೊ ಇನ್ನೂ ಕಣ್ಣು ತೆರೆದಿರಲಿಲ್ಲ. ನಾವು ಒಯ್ದಿದ್ದ ಸಾರನ್ನು ಅವಳು ಕುಡಿಯುವವರೆಗೆ ನಿಕಾಸಿಯಾ ಏನೂ ಕೇಳಲಿಲ್ಲ. ಸೆವೆರೊನನ್ನು ಹಿಡಿದಿದ್ದಾರೆ ಎಂದೂ ಹೇಳಲಿಲ್ಲ, ನನಗೂ ಹೇಳಬಾರದೆಂದು ದಾರಿಯಲ್ಲೇ ತಾಕೀತು ಮಾಡಿದ್ದಳು. ನಿನಗೆ ಮೊದಲು ಯಾರು ಸುದ್ದಿ ಕೊಟ್ಟರು ಎಂದಷ್ಟೇ ಕೇಳಿದಳು.

ಪ್ರಿಮಿತಿವಾ ಎಂದಳು ಯೂಸ್ತಾಕಿಯಾ. ಗುಡ್ಡದ ಮೇಲಿನಿಂದಲೇ ಕೂಗಿ ಹೇಳಿದ್ದು. ಅವಳ ಮಾತು ಅಕ್ಷರ ಅಕ್ಷರ ನೆನಪಿದೆ, ಮರೆಯುವ ಹಾಗಿಲ್ಲ ಎಂದಳು.

"‘ಯಾರೋ ಒಬ್ಬ ಚರ್ಚಿಂದ ಓಡ್ದ, ಕುರಿ ದೊಡ್ಡಿ ಗೋಡೆ ಹಾರ್ಕೊಂಡು ಹೋದ, ಹೋಗಿ ನೋಡು’ ಅಂತ ಕೂಗಿದ್ಲು. ನಾನು ಹೋದೆ. ಇವರು ಬೋರಲು ಬಿದ್ದಿದ್ರು. ಮೂಗು ಮಣ್ಣಲ್ಲಿ ಹೂತಿತ್ತು. ಒಂದು ಕೈ ಎದೆ ಕೆಳಗಿತ್ತು, ಅದನ್ನ ಎಳೆದು ಅಂಗಾತ ತಿರುಗಿಸಿದೆ. ಕೆಳಗಿನ ಮೆಟ್ಲಲ್ಲಿದ್ದ ಟೋಪಿ ತಗೊಂಡೆ. ಆಮೇಲೇ ನಂಗೆ ಕೂಗೋಕೆ ದನಿ ಬಂದಿದ್ದು."

ಇದನ್ನು ಬೇರೆ ಯಾರಿಗಾದರೂ ಹೇಳಿದೆಯಾ ಎಂದು ನಿಕಾಸಿಯಾ ಕೇಳಿದಳು. ಯಾರು ಕೇಳಿದರು, ಆ ಗಡಿಬಿಡಿಯಲ್ಲಿ ಲಾರಿ ಹತ್ತಿದವಳು ಇಲ್ಲೇ ಕೂತಿದ್ದೇನೆ ಎಂದಳು. ಲಾರಿಯ ಹಿಂಭಾಗದಲ್ಲಿ ಅವತ್ತು ಯಾರಿದ್ದರು? ಉಪ್ಪಿನ ಮೂಟೆಗಳು ಮತ್ತು ಪಕ್ಕದೂರಿನ ಇಬ್ಬರು ಹೆಂಗಸರು. ದಾರಿಯಲ್ಲಿ ಯಾರನ್ನಾದರೂ ಇಳಿಸಿದ್ದರಾ ಎಂದಾಗ ಯೂಸ್ತಾಕಿಯಾ ನೆನಪು ಮಾಡಿಕೊಂಡು ಹೇಳಿದಳು. ಆ ಹೆಂಗಸರಲ್ಲಿ ಒಬ್ಬಳು ಗಾಯಾಳುವಿಗೆ ಜಾಗ ಬಿಡುತ್ತ, ಎಲ್ ಆಲ್ತೋದಿಂದ ಇಲ್ಲಿಯವರೆಗೆ ನಾವಿಬ್ಬರೇ ಕಾಲು ಚಾಚಿ ಬಂದೆವು ಎಂದಿದ್ದಳಂತೆ.

ಊರಿಗೆ ಬರುವ ದಾರಿಯಲ್ಲಿ ನಿಕಾಸಿಯಾ ಲಾರಿಯ ಅಂಚಿಗೆ ಒರಗಿ ನಿದ್ದೆ ಹೋದಳು. ಅವಳು ಹಾಗೆ ನಿದ್ದೆ ಮಾಡಿದರೆ ಕೆಲಸ ಮುಗಿಯಿತು ಎಂದು ಲೆಕ್ಕ. ನನಗೆ ಮಾತ್ರ ಏನೂ ಸ್ಪಷ್ಟವಾಗಿರಲಿಲ್ಲ.

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ನಡುವೆ ಎಲ್ಲರೂ ಅಗಿಯಲು ಕೋಕಾ ಎಲೆ ಹರಡಿದ್ದರು. ಗಂಡಸರು ಗೋಡೆಯ ಬದಿಗೆ, ಹೆಂಗಸರು ನೆಲದ ಮೇಲೆ. ಸೆವೆರೊನನ್ನು ಕೋಣೆಯಿಂದ ಕರೆತಂದು ನಿಲ್ಲಿಸಿದರು. ಬಾಸಿಲಿಯಾ ಇಬ್ಬರು ಮಕ್ಕಳನ್ನೂ ಶಾಲಿನೊಳಗೆ ಸೇರಿಸಿಕೊಂಡು ಕೊನೆಯಲ್ಲಿ ಕೂತಿದ್ದಳು. ಯಜಮಾನನಿಲ್ಲದ್ದರಿಂದ ಮಾತು ನಡೆಸುವ ಕೆಲಸವನ್ನು ಮುಂದಿನ ಸರದಿಯವನಾದ ಇಲಾರಿಯೋನ್ ವಹಿಸಿಕೊಂಡಿದ್ದ.

ತೀರ್ಮಾನಕ್ಕೆ ಮೊದಲು ಕಂಡವರು ಇನ್ನೊಮ್ಮೆ ಹೇಳಲಿ ಎಂದು ನಿಕಾಸಿಯಾ ಕೇಳಿಕೊಂಡಳು. ಯಾರೂ ಬೇಡವೆನ್ನಲಿಲ್ಲ. ಅನ್ಸೆಲ್ಮೊ ಅಜ್ಜ ಎದ್ದು ನಿಂತ. ಎಲ್ಲ ಹೇಳಿ ಕೊನೆಗೆ, "ಅವನ ಕೈಲಿ ಒಂದು ಚಪ್ಪಲಿ ಇತ್ತು. ಬರಿಗಾಲಿಗೆ ಕಲ್ಲು ಒತ್ತಿ ಇನ್ನೂ ಜಾಸ್ತಿ ಕುಂಟ್ತಿದ್ದ," ಎಂದ.

ನಾನು ನಿಕಾಸಿಯಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ನೀನು ಕಂಡೆಯಾ ಅಜ್ಜ?"

"ಈ ಕಣ್ಣಲ್ಲೇ ಕಂಡೆ."

ಪ್ರಿಮಿತಿವಾ ತಾನೂ ಚಪ್ಪಲಿ ಕಂಡೆ ಎಂದಳು. ನಿನ್ನೆ ಅಷ್ಟು ನೆನಪಾಗಿರಲಿಲ್ಲ, ರಾತ್ರಿಯೆಲ್ಲ ಯೋಚಿಸಿದೆ, ಬೆಳಗ್ಗೆ ಅನ್ಸೆಲ್ಮೊ ಅಜ್ಜನ ಹತ್ತಿರವೂ ಮಾತಾಡಿದೆ, ಈಗ ಚೆನ್ನಾಗಿ ಕಾಣುತ್ತದೆ, ಬಲಗೈಯಲ್ಲಿತ್ತು ಎಂದಳು.

"ಆ ಚಪ್ಪಲಿ ನಂದು," ಎಂದಳು ನಿಕಾಸಿಯಾ. "ನಿನ್ನೆ ಊರಿಗೆ ಬರೋವಾಗ ದಾರೀಲಿ ನನ್ನ ಚಪ್ಪಲಿ ಬಾರು ಕಿತ್ತು ಕೈಲಿ ಹಿಡ್ಕೊಂಡಿದ್ದೆ. ಗುಡ್ಡದ ಮೇಲೆ ಅದು ನೆನಪಾಯ್ತು. ಪ್ರಿಮಿತಿವಾನ ಕೇಳ್ದೆ, ಅಷ್ಟೆ. ಗುರುವಾರ ಯಾರ ಕೈಲೂ ಚಪ್ಪಲಿ ಇತ್ತು ಅಂತ ಈ ಊರಲ್ಲಿ ಯಾರೂ ಅಂದಿರ್ಲಿಲ್ಲ."

ಹಿಂದೆ ಯಾರೋ ನಕ್ಕರು, ಆಮೇಲೆ ನಗುವುದಲ್ಲ ಎಂದು ಅವರಿಗೇ ತಿಳಿಯಿತು. ಪ್ರಿಮಿತಿವಾ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಸುಳ್ಳಿ ಅಲ್ಲ ನಿಕಾಸಿಯಕ್ಕ. ಕಣ್ಣು ಮುಚ್ಚಿದ್ರೆ ಈಗ್ಲೂ ಕಾಣತ್ತೆ."

"ಕಾಣತ್ತೆ. ನೀನು ಸುಳ್ಳು ಹೇಳ್ತಿಲ್ಲ, ಅಜ್ಜನೂ ಹೇಳ್ತಿಲ್ಲ. ಸುಳ್ಳಾಗಿದ್ರೆ ನಿಮ್ಮ ನಾಲಿಗೆ ಎಲ್ಲೋ ತಡವರಿಸಿ ನಂಗೆ ಸಿಕ್ಕಿಬಿಡ್ತಿತ್ತು. ಆದ್ರೆ ತಾಯಿ, ನಿಂಗೆ ಕಾಣ್ತಿರೋದು ಗುರುವಾರ ಗುಡ್ಡದಿಂದ ಕಂಡಿದ್ದಲ್ಲ. ಆಮೇಲೆ ಬಟ್ಟೆ ಸುತ್ತ ಕೂತು ಆಲೂಗಡ್ಡೆ ಸುಲೀತಾ ಕಂಡಿದ್ದು."

ಆಮೇಲೆ ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಊಟದ ಬಟ್ಟೆಯ ಮೇಲೆ ಪ್ರತಿಯೊಬ್ಬರೂ ತಮ್ಮ ಗಂಟು ಸುರಿಯುತ್ತಾರೆ. ಸುರಿದ ಮೇಲೆ ಇದು ಯಾರ ಹೊಲದ ಆಲೂಗಡ್ಡೆ, ಇದು ಯಾರ ಮನೆಯ ಅವರೆ ಎಂದು ಹೇಳಲಾಗುವುದಿಲ್ಲ. ಅವತ್ತು ಮಾತೂ ಹಾಗೆ ಕಲೆಯಿತು. ಪ್ರಿಮಿತಿವಾ ಒಂದು ‘ಏನೋ’ ಹಾಕಿದಳು. ಅದನ್ನು ಕೇಳಿ ಅಜ್ಜನಿಗೆ ವಾಲಿದ ಹೆಗಲು ಕಂಡಿತು. ಅಜ್ಜನ ಹೆಗಲನ್ನು ಕೇಳಿ ಪ್ರಿಮಿತಿವಾಳಿಗೆ ಎಳೆಯುವ ಕಾಲು ಕಂಡಿತು. ಒಬ್ಬರು ಇನ್ನೊಬ್ಬರಿಗೆ ಸಾಕ್ಷಿಯಾದರು. ಸುತ್ತ ಕೂತವರು ಹೌದು ಹೌದು ಎಂದರು. ಮರುದಿನದ ಹೊತ್ತಿಗೆ ‘ಏನೋ’ ಉದುರಿತ್ತು, ‘ಅಂತೆ’ಯೂ ಉದುರಿತ್ತು. ನಮ್ಮ ಮನೆಯ ಮುದುಕ ಹೊಲದಲ್ಲಿದ್ದವನು, ಏನೂ ಕಾಣದವನು, ಅವನೇ ನನಗೆ ‘ಕುಂಟ್ಕೊಂಡು ಓಡ್ದ’ ಎಂದು ಕಂಡವನ ಹಾಗೆ ಹೇಳಿದ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟೋಪಿ ಸರಿಮಾಡಿಕೊಂಡೆ.

"ಹಾಗಾದ್ರೆ ಅವರು ನಿಜವಾಗಿ ಕಂಡಿದ್ದೇನು?" ಎಂದು ಇಲಾರಿಯೋನ್ ಕೇಳಿದ. ಅವನ ದನಿ ಸಮಾಧಾನವಾಗಿಯೇ ಇತ್ತು.

"ಊಟಕ್ಕೆ ಕೂರೋ ಮುಂಚೆ ಪ್ರಿಮಿತಿವಾ ಗುಡ್ಡದಿಂದ ಕೂಗಿದ್ಲಂತೆ. ಯೂಸ್ತಾಕಿಯಾ ಕೇಳಿಸ್ಕೊಂಡಿದ್ಲಂತೆ. ನಾನು ಅಲ್ಲಿರ್ಲಿಲ್ಲ, ಅದ್ಕೇ ಅಂತೆ ಸೇರಿಸಿ ಹೇಳ್ತಿದ್ದೀನಿ. ‘ಯಾರೋ ಒಬ್ಬ ಕುರಿ ದೊಡ್ಡಿ ಗೋಡೆ ಹಾರ್ಕೊಂಡು ಹೋದ’ ಅಂದ್ಲಂತೆ. ಪ್ರಿಮಿತಿವಾ, ಹಾಗೆ ಕೂಗಿದ್ಯಾ?"

ಪ್ರಿಮಿತಿವಾ ಬಾಯಿಗೆ ಕೈಯಿಟ್ಟುಕೊಂಡಳು. "ಕೂಗಿದ್ದೆ," ಎಂದಳು ಮೆಲ್ಲಗೆ. "ಗೋಡೆ ಅಂದಿದ್ದೆ. ಹೌದು. ಅದು ಹೆಂಗೆ ಮರ್ತೆ?"

ಎಲ್ಲರೂ ಸೆವೆರೊನ ಎಡಗಾಲು ನೋಡಿದರು, ಆಮೇಲೆ ಎದೆಮಟ್ಟ ಎತ್ತರದ ದೊಡ್ಡಿ ಗೋಡೆ ನೋಡಿದರು. ಸೆವೆರೊ ಮೊದಲ ಸಲ ಬಾಯಿಬಿಟ್ಟ. "ನಾನು ಅದನ್ನ ಹಾರೋ ಹಾಗಿದ್ರೆ ಫುಟ್‌ಬಾಲ್ ಆಡೋವಾಗ ನನ್ನ ಯಾವಾಗ್ಲೂ ಗೋಲು ಕಾಯೋಕೆ ಯಾಕೆ ನಿಲ್ಲಿಸ್ತಿದ್ರಿ?" ಎಂದ. ಈ ಸಲ ನಗು ತಡೆಯಲು ಯಾರಿಗೂ ಆಗಲಿಲ್ಲ.

ನಿಕಾಸಿಯಾ ನಗು ಇಳಿಯುವವರೆಗೆ ಕಾದಳು.

"ಇಲಾರಿಯೋನ್, ಯಜಮಾನ ಹೇಗೆ ಬಿದ್ದ ಅಂತ ನಿನ್ನೆ ನಂಗೆ ಹೇಳ್ದೆ. ನಿಂತಿದ್ನಂತೆ, ಕೈ ಹಾಕಿದ್ನಂತೆ, ಕೂಗಿದ್ಲಂತೆ, ಎಲ್ಲಕ್ಕೂ ಅಂತೆ ಇತ್ತು. ಮಧ್ಯದಲ್ಲಿ ಮೂರು ಮಾತಿಗೆ ಇರ್ಲಿಲ್ಲ. ಬೋರಲಾಗಿ ಬಿದ್ದ. ಕೈ ಎದೆ ಕೆಳಗೆ ಸಿಕ್ಕೊಳ್ತು. ಟೋಪಿ ಉರುಳ್ತಾ ಹೋಯ್ತು."

"ಬಾಯಿ ತಪ್ಪಿರ್ಬೇಕು ಅಕ್ಕ. ಎಲ್ರೂ ಹೇಳ್ತಿದ್ದಿದ್ದನ್ನೇ ನಾನೂ ಹೇಳ್ದೆ."

"ಸರಿ. ಎಲ್ರನ್ನೂ ಕೇಳೋಣ. ಯಜಮಾನ ಬೋರಲು ಬಿದ್ದಿದ್ದನ್ನ ಯಾರ್ಯಾರು ನೋಡಿದ್ರಿ?"

ಯಾರ ಕೈಯೂ ಮೇಲೇಳಲಿಲ್ಲ. ನಾವೆಲ್ಲ ಅವನನ್ನು ಕಂಡದ್ದು ಅಂಗಾತ, ತಲೆ ಹೆಂಡತಿಯ ಮಡಿಲಲ್ಲಿ, ಟೋಪಿ ಅವಳ ಕೈಯಲ್ಲಿ. ನಿಕಾಸಿಯಾ ಹೇಳಿದಳು: ಅವನು ಬೋರಲಿದ್ದನಂತೆ, ಕೈ ಎದೆಯ ಕೆಳಗಿತ್ತಂತೆ, ಯೂಸ್ತಾಕಿಯಾಳೇ ತಿರುಗಿಸಿದ್ದಂತೆ, ಟೋಪಿ ಅವಳೇ ಎತ್ತಿಕೊಂಡದ್ದಂತೆ, ಆ ಮೇಲೆ ಕೂಗಿದ್ದಂತೆ. ಅದನ್ನು ಅವಳು ಊರಲ್ಲಿ ಯಾರಿಗೂ ಹೇಳದೆ ಲಾರಿ ಹತ್ತಿದ್ದಳಂತೆ. ಆ ಲಾರಿಯಲ್ಲಿ ಎಲ್ ಆಲ್ತೋದಿಂದ ಬಂದವರು ಇಬ್ಬರು ಹೆಂಗಸರು ಮಾತ್ರವಂತೆ. ಗುರುವಾರ ಊಟಕ್ಕೆ ಕೂತಾಗ, ಇಲಾರಿಯೋನ್, ನಿನ್ನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಿತ್ತಂತೆ, ಮೈಮೇಲೆ ಪೊಂಚೊ ಇರಲಿಲ್ಲವಂತೆ, ಅದನ್ನು ನಮ್ಮ ಮುದುಕ ನೋಡಿದ್ದಾನೆ, ಅದಕ್ಕೆ ಅವನು ‘ಅಂತೆ’ ಸೇರಿಸಬೇಕಾಗಿಲ್ಲ ಎಂದಳು.

"ಕಾಣದವರ ಬಾಯಿಂದ ಅಂತೆ ಉದುರಿತು, ಯಾಕಂದ್ರೆ ಅವರಿಗೆ ಕಂಡ ಹಾಗೇ ಅನ್ನಿಸಿತ್ತು. ಕಂಡವನಿಗೆ ಮಾತ್ರ ಅಂತೆ ಹಚ್ಚಿ ಹಚ್ಚಿ ಸಾಕಾಯ್ತು. ಟೋಪಿ ಉರುಳಿದ್ದು ನೆನಪಾದಾಗ ಹಚ್ಚೋಕೆ ಮರೆತ. ಅದು ಉರುಳಿದ್ದನ್ನ ನೋಡಿರೋದು ಆ ಜಾಗದಲ್ಲಿದ್ದವನೊಬ್ನೇ."

ಇಲಾರಿಯೋನ್ ಎದ್ದು, ಗೇಟು ದಾಟಿ, ದಡದ ಕಡೆಗೆ ನಡೆದ. ಇಬ್ಬರು ಹಿಂದೆ ಹೊರಟಾಗ ನಿಕಾಸಿಯಾ ಬೇಡವೆಂದು ಕೈ ಅಡ್ಡ ಹಿಡಿದಳು. ಅವನು ಜೊಂಡಿನೊಳಗೆ ಇಳಿದು, ಅಪ್ಪಿಕೊಂಡ ಮಗುವಿನ ಹಾಗೆ ಒಂದು ಕಟ್ಟು ಹಿಡಿದು ವಾಪಸು ಬಂದ. ಪ್ಯಾಂಟು ಮತ್ತೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕೋಲು ಅವನ ಪೊಂಚೊದಲ್ಲಿ ಸುತ್ತಿತ್ತು. ಒಂದು ಹನಿ ನೀರೂ ತಾಗಿರಲಿಲ್ಲ.

ಅವನು ಹೇಳಿದ್ದಿಷ್ಟು. ಬುಧವಾರವೇ ಬಂದು ಪಕ್ಕದೂರಿನ ತಂಗಿಯ ಮನೆಯಲ್ಲಿದ್ದ. ದಿಯೊನಿಸಿಯೊ ಬೆಳಗ್ಗೆ ಬಾ, ಒಬ್ಬನೇ ಬಾ ಎಂದಿದ್ದ. ಊರಲ್ಲಿ ಬಾಳದವನ ಕೈಗೆ ಕೋಲು ಕೊಡಲಾಗುವುದಿಲ್ಲ, ನಿನ್ನ ಸರದಿ ಲಿಮಾಚಿ ಮನೆಗೆ ಹೋಗುತ್ತದೆ ಎಂದ. ಅಪ್ಪ, ಅಜ್ಜ ಹಿಡಿದ ಕೋಲು ಒಮ್ಮೆ ಕೈಯಲ್ಲಿ ಹಿಡಿಯುತ್ತೇನೆ ಎಂದು ಇವನು ಎಳೆದ. ಅವನು ಬಿಡಲಿಲ್ಲ. ಎಳೆದದ್ದೇ ಜೋರಾಯಿತು.

"ಸತ್ತೇ ಹೋದ ಅಂದ್ಕೊಂಡೆ. ಬಟ್ಟೆ ಹತ್ರ ಕೂತಾಗ ಸೆವೆರೊ ಹೆಸರು ನಾನು ಹೇಳ್ಲಿಲ್ಲ. ಕುಂಟ್ತಿದ್ನಾ ಅಂತ ಕೇಳ್ದೆ ಅಷ್ಟೆ. ಉಳಿದಿದ್ದು ಅವರೇ ಕಂಡ್ರು," ಎಂದ. ಸೆವೆರೊನ ಕಡೆ ನೋಡಲು ಅವನಿಂದ ಆಗಲಿಲ್ಲ.

ಬಾಸಿಲಿಯಾ ಎದ್ದು ಬಂದು ಗಂಡನ ಕೈಯಲ್ಲಿ ಚಿಕ್ಕ ಮಗಳ ಕೈಯಿಟ್ಟಳು. ಯಾರನ್ನೂ ಬೈಯಲಿಲ್ಲ. ಪ್ರಿಮಿತಿವಾ ಮತ್ತು ಅನ್ಸೆಲ್ಮೊ ಅಜ್ಜ ಇಬ್ಬರೂ ಸೆವೆರೊನ ಮುಂದೆ ನಿಂತು ಏನು ಹೇಳುವುದೆಂದು ತಿಳಿಯದೆ ಕೋಕಾ ಎಲೆ ಕೊಟ್ಟರು. ಅವನು ತೆಗೆದುಕೊಂಡ. ಆ ಸಂಜೆ ಪೇಟೆಯಿಂದ ಬಂದ ಲಾರಿಯವನು ಹಾರ್ನು ಬಾರಿಸುತ್ತಲೇ ಊರೊಳಗೆ ಬಂದ. ದಿಯೊನಿಸಿಯೊ ಕಣ್ಣು ತೆರೆದನಂತೆ, ಮೊದಲು ಟೋಪಿ ಕೇಳಿದನಂತೆ. ನಮ್ಮ ಅಂಗಳದಲ್ಲಿ ಕೂತಿದ್ದ ನಿಕಾಸಿಯಾ ಎರಡೂ ಕೈಯಿಂದ ಮುಖ ಉಜ್ಜಿಕೊಂಡಳು. ಆಗಲೇ ಅವಳಿಗೆ ಹಸಿವಾದದ್ದು.

ಇಲಾರಿಯೋನನ ಶಿಕ್ಷೆಯನ್ನು ಊರೇ ತೀರ್ಮಾನಿಸಿತು. ಯಜಮಾನ ಎದ್ದು ನಡೆಯುವವರೆಗೆ ಅವನ ಹೊಲದ ಕೆಲಸ, ಚರ್ಚಿನ ಮೆಟ್ಟಿಲು ಹೊಸದಾಗಿ ಕಟ್ಟುವುದು, ತಾರ್ಕಿ ಮನೆಯ ಸರದಿ ಒಂದು ಸುತ್ತು ದಾಟಿ ಹೋಗುವುದು. ಮನೆ ಅಳಿಸಲಿಲ್ಲ. ಅಳಿಸಬಾರದೆಂದು ಮೊದಲು ಕೇಳಿದವನು ಸೆವೆರೊ.

ಜನವರಿಯ ಮೊದಲ ದಿನ ಕೋಲು ಕೈ ಬದಲಿಸಿತು. ಹಣೆಯ ಮೇಲೆ ಗಾಯದ ಗೆರೆಯಿದ್ದ ದಿಯೊನಿಸಿಯೊ ಹೊಸ ಮೆಟ್ಟಿಲ ಮೇಲೆ ನಿಂತಿದ್ದ. ಡಾಕ್ಟರರ ಪ್ರಕಾರ ಅವನಿಗೆ ಆ ಬೆಳಗಿನ ಯಾವುದೂ ನೆನಪಿಲ್ಲ, ಬರುವುದೂ ಇಲ್ಲ. ಆದರೆ ಎರಡು ತಿಂಗಳಿಂದ ಊರೆಲ್ಲ ಅವನಿಗೆ ಅದನ್ನೇ ಹೇಳುತ್ತಿತ್ತು. ಕೋಲನ್ನು ಸೆವೆರೊನ ಕೈಗೆ ಕೊಡುತ್ತ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಈ ಕೋಲನ್ನ ನಾನು ಕೊನೇವರೆಗೂ ಬಿಡ್ಲಿಲ್ಲ. ಇಲಾರಿಯೋನ್ ಎಳೆದ, ನಾನೂ ಎಳೆದೆ, ಅವನ ಕಣ್ಣಲ್ಲೇ ಕಣ್ಣಿಟ್ಟು ನೋಡ್ದೆ..."

ಹೆಂಗಸರ ಸಾಲಿನಿಂದ ನಿಕಾಸಿಯಾ ಕೆಮ್ಮಿದಳು. ದಿಯೊನಿಸಿಯೊ ನಿಲ್ಲಿಸಿದ. ಅವಳ ಕಡೆ ನೋಡಿದ, ಹಣೆಯ ಗೆರೆಯ ಮೇಲೆ ಬೆರಳಾಡಿಸಿದ. ಅವನ ಮುಖದಲ್ಲಿ ನಗು ಮೆಲ್ಲಗೆ ಹರಡಿತು.

"...ನೋಡಿದೆನಂತೆ," ಎಂದ.